ಬಾಸೆಲ್ ಮೇಳದಿಂದ ಸ್ವಾಚ್ ಎದ್ದು ಹೋದದ್ದೇಕೆ?

2018ರ ಜುಲೈ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ವಾಚ್ ಕಂಪನಿ ಸ್ವಾಚ್ ಗ್ರೂಪ್ ಒಂದು ನಿರ್ಧಾರ ಪ್ರಕಟಿಸಿತು. ಮುಂದಿನ ವರ್ಷದಿಂದ ಬಾಸೆಲ್ ನಗರದ ವಾಚು, ಒಡವೆಗಳ ಮೇಳವಾದ ಬಾಸೆಲ್‌ವರ್ಲ್ಡ್‌ನಲ್ಲಿ ಸ್ಟಾಲ್ ಹಾಕುವುದಿಲ್ಲ. ಒಮೆಗಾ, ಲಾಂಜೀನ್, ಟಿಸ್ಸೋ, ರಾಡೋ, ಬ್ರೆಗೆ ಹೀಗೆ ಗುಂಪಿನ ಯಾವ ಬ್ರ್ಯಾಂಡೂ ಬರುವುದಿಲ್ಲ. ಗುಂಪು ಈ ಮೇಳದ ಮೇಲೆ ವರ್ಷಕ್ಕೆ ಸುಮಾರು 5 ಕೋಟಿ ಫ್ರಾಂಕ್ ಖರ್ಚು ಮಾಡುತ್ತಿತ್ತು ಎಂದು ಪತ್ರಿಕೆಗಳು ಬರೆದವು. ಆಗಿನ ದರದಲ್ಲಿ ಅದು 300 ಕೋಟಿ ರೂಪಾಯಿಗೂ ಜಾಸ್ತಿ. ಮೇಳ ನಡೆಯುತ್ತಿದ್ದದ್ದು ವರ್ಷಕ್ಕೆ ಒಂದು ವಾರ!

ಇದಾಗಿ ಎರಡೇ ವರ್ಷದಲ್ಲಿ, ನೂರು ವರ್ಷ ದಾಟಿದ ಆ ಮೇಳವೇ ನಿಂತುಹೋಯಿತು. ವಸ್ತುಪ್ರದರ್ಶನಗಳಲ್ಲಿ ಸ್ಟಾಲ್ ಹಾಕಿದರೆ ದುಡ್ಡು ಹುಟ್ಟುತ್ತಾ ಅಂತ ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಪ್ರಕರಣ ನನಗೆ ಗೊತ್ತಿಲ್ಲ. ಒಂದೇ ಸೂರಿನ ಕೆಳಗೆ, ಅದೇ ವಾರದಲ್ಲಿ, ಕೆಲವರಿಗೆ ಅದು ವರ್ಷದ ಅನ್ನ. ಇನ್ನು ಕೆಲವರಿಗೆ ದಂಡದ ಖರ್ಚು. ಎರಡನೆಯವರು ಎದ್ದು ಹೋದಾಗ ಮೊದಲನೆಯವರ ಅನ್ನಕ್ಕೂ ಕಲ್ಲು ಬಿತ್ತು.

ಮೇಳ ಮಾಡುತ್ತಿದ್ದ ಕೆಲಸ

ಬಾಸೆಲ್ ಇರುವುದು ಸ್ವಿಟ್ಜರ್ಲೆಂಡ್, ಫ್ರಾನ್ಸ್, ಜರ್ಮನಿ ಮೂರೂ ಕೂಡುವ ಜಾಗದಲ್ಲಿ, ರೈನ್ ನದಿಯ ದಡದಲ್ಲಿ. 1917ರಲ್ಲಿ ಅಲ್ಲಿ ಸ್ವಿಸ್ ಸರಕುಗಳ ಮಾದರಿ ಮೇಳ ಶುರುವಾಯಿತು. ಹತ್ತಾರು ಸರಕುಗಳ ನಡುವೆ ವಾಚು, ಒಡವೆಗೂ ಒಂದು ಮೂಲೆ ಇತ್ತು. 1931ರ ಹೊತ್ತಿಗೆ ವಾಚಿಗೆ ಅಲ್ಲೇ ತನ್ನದೊಂದು ಮೇಳ ಆಯಿತು. 1970ರ ದಶಕದ ಆರಂಭದಲ್ಲಿ ಯುರೋಪಿನ ಬೇರೆ ದೇಶದ ಕಂಪನಿಗಳಿಗೂ ಬಾಗಿಲು ತೆರೆಯಿತು. ಬಾಸೆಲ್‌ವರ್ಲ್ಡ್ ಎಂಬ ಹೆಸರು ಬಂದದ್ದು 2003ರಲ್ಲಿ.

ಒಬ್ಬ ವಾಚ್ ತಯಾರಕ ಅಲ್ಲಿ ಏನು ಮಾಡುತ್ತಿದ್ದ ಎಂದು ಸ್ವಲ್ಪ ಹತ್ತಿರದಿಂದ ನೋಡೋಣ. ಸ್ಟಾಲಿನ ಹೊರಗೋಡೆಯಲ್ಲಿ ಗಾಜಿನ ಕಿಟಕಿಗಳು, ಅದರೊಳಗೆ ಹೊಸ ವಾಚುಗಳು. ಓಡಾಡುವ ಜನಕ್ಕೆ ಅಷ್ಟೇ ದರ್ಶನ. ನಿಜವಾದ ವ್ಯಾಪಾರ ಒಳಗಿನ ಚಿಕ್ಕ ಕೋಣೆಗಳಲ್ಲಿ. ಹಾಂಗ್‌ಕಾಂಗಿನಿಂದಲೋ ದುಬೈನಿಂದಲೋ ಮುಂಬೈನಿಂದಲೋ ಬಂದ ಅಂಗಡಿ ಮಾಲೀಕ ಮೊದಲೇ ಗೊತ್ತುಮಾಡಿಕೊಂಡ ಹೊತ್ತಿಗೆ ಬಂದು ಕೂರುತ್ತಾನೆ. ಮೆತ್ತನೆ ಬಟ್ಟೆ ಹಾಸಿದ ಟ್ರೇ ಬರುತ್ತದೆ. ಮಾರಾಟದವನು ಕೈಗವಸು ಹಾಕಿಕೊಂಡು ಒಂದೊಂದೇ ವಾಚು ಇಡುತ್ತಾನೆ. ಈತ ಕೈಗೆ ಕಟ್ಟಿ ನೋಡುತ್ತಾನೆ, ತಿರುವಿ ಹಿಂಭಾಗ ನೋಡುತ್ತಾನೆ, ಬೆಲೆ ಕೇಳುತ್ತಾನೆ. ಕೊನೆಗೆ ಆರ್ಡರ್ ಹಾಳೆ ಬರುತ್ತದೆ. ಇದು ಇಷ್ಟು, ಅದು ಅಷ್ಟು. ಚೆನ್ನಾಗಿ ಓಡುವ ಮಾದರಿ ಬೇಕಾದರೆ ಓಡದ ಮಾದರಿಯನ್ನೂ ನಾಲ್ಕು ತಗೋ ಎಂಬ ಚೌಕಾಸಿಯೂ ಇರುತ್ತದೆ. ಆತ ಎದ್ದರೆ ಇನ್ನೊಬ್ಬ.

ಬೇರೆ ಬೇರೆ ದೇಶಗಳ ಅಂಗಡಿಯವರನ್ನು ಹೀಗೆ ಒಂದು ವಾರದಲ್ಲಿ ಮುಗಿಸಬಹುದಿತ್ತು. ಇಲ್ಲದಿದ್ದರೆ ಮಾದರಿ ಪೆಟ್ಟಿಗೆ ಹಿಡಿದು ಅಷ್ಟೂ ದೇಶ ಸುತ್ತಬೇಕು. ಆ ಲೆಕ್ಕಕ್ಕೆ ಸ್ಟಾಲಿನ ಬಾಡಿಗೆ ಏನೇನೂ ಅಲ್ಲ. ವಾಚ್ ಕಂಪನಿಗಳು ಅಂಗಡಿಯವರನ್ನು ನಂಬಿ ಬದುಕುತ್ತಿದ್ದಷ್ಟು ಕಾಲ ಈ ಲೆಕ್ಕವನ್ನು ಯಾರೂ ಪ್ರಶ್ನಿಸುವ ಹಾಗಿರಲಿಲ್ಲ.

ಆದರೂ ಬಿರುಕು ಹೊಸದಲ್ಲ. 1991ರಲ್ಲೇ ಕಾರ್ತಿಯೇ ಮತ್ತು ಇನ್ನು ಕೆಲವು ಬ್ರ್ಯಾಂಡುಗಳು ಬಾಸೆಲ್ ಬಿಟ್ಟು ಜಿನೀವಾದಲ್ಲಿ ತಮ್ಮದೇ ಚಿಕ್ಕ ಮೇಳ ಶುರುಮಾಡಿದ್ದವು. ಆಹ್ವಾನ ಇದ್ದವರಿಗಷ್ಟೇ ಅಲ್ಲಿ ಪ್ರವೇಶ. ಬಾಸೆಲ್‌ನವರು ಅದನ್ನು ದೊಡ್ಡದಾಗಿ ತಲೆಗೆ ಹಾಕಿಕೊಳ್ಳಲಿಲ್ಲ. ಉಳಿದವರೆಲ್ಲ ಇದ್ದರಲ್ಲ.

2003ರಲ್ಲಿ ಇನ್ನೊಂದು ಪಾಠ ಸಿಕ್ಕಿತ್ತು. ಆಗ ಸಾರ್ಸ್ ರೋಗದ ಭಯ. ಮೇಳ ಶುರುವಾಗುವ ಹೊತ್ತಿಗೆ ಸ್ವಿಸ್ ಆರೋಗ್ಯ ಇಲಾಖೆ ಹಾಂಗ್‌ಕಾಂಗ್, ಚೀನಾ, ಸಿಂಗಪುರ, ವಿಯೆಟ್ನಾಂನಿಂದ ಬಂದವರು ಸ್ಟಾಲಿನಲ್ಲಿ ಕೆಲಸ ಮಾಡುವಂತಿಲ್ಲ ಎಂದುಬಿಟ್ಟಿತು. ಹಾಂಗ್‌ಕಾಂಗಿನ ವ್ಯಾಪಾರಿಗಳು ವಿಮಾನದ ಖರ್ಚು, ಸಾಗಣೆ ಖರ್ಚು, ಸ್ಟಾಲಿನ ಖರ್ಚು ಎಲ್ಲ ಮಾಡಿ ಬಂದಾಗಿತ್ತು. ಪರಿಹಾರಕ್ಕಾಗಿ ಜಗಳವೂ ಆಯಿತು. ಮೇಳ ಕೆಟ್ಟರೆ ನಷ್ಟ ಯಾರ ತಲೆಗೆ ಎಂಬ ಪ್ರಶ್ನೆ ಅಂದೇ ಎದ್ದಿತ್ತು. ಅದೇ ಪ್ರಶ್ನೆ 17 ವರ್ಷದ ನಂತರ ಮೇಳವನ್ನೇ ನುಂಗಿತು.

43 ಕೋಟಿ ಫ್ರಾಂಕಿನ ಕಟ್ಟಡ

ಮೇಳ ನಡೆಸುತ್ತಿದ್ದ ಎಂಸಿಎಚ್ ಗ್ರೂಪ್ ಷೇರುಪೇಟೆಯಲ್ಲಿದ್ದ ಕಂಪನಿ. ಬಾಸೆಲ್ ನಗರದ ಸರ್ಕಾರವೂ ಅದರಲ್ಲಿ ದೊಡ್ಡ ಪಾಲುದಾರ. ಮೇಳದ ಸಭಾಂಗಣಗಳೂ ಇದೇ ಕಂಪನಿಯ ಕೈಯಲ್ಲಿದ್ದವು. ಇದನ್ನು ನೆನಪಿನಲ್ಲಿಡಿ. ಮುಂದಿನದೆಲ್ಲ ಇದರಿಂದಲೇ.

2013ರಲ್ಲಿ ಹೊಸ ಸಭಾಂಗಣ ತೆರೆಯಿತು. ವಿನ್ಯಾಸ ಬಾಸೆಲ್‌ನವರೇ ಆದ ಹೆರ್ಜಾಗ್ ಮತ್ತು ದ ಮ್ಯೂರಾನ್ ಅವರದು. ಹೆಣೆದ ಬುಟ್ಟಿಯಂಥ ಲೋಹದ ಹೊರಮೈ, ಚೌಕದ ಮೇಲೆ ಆಕಾಶ ಕಾಣುವ ಹಾಗೆ ಒಂದು ದೊಡ್ಡ ದುಂಡು ಕಿಂಡಿ. ಖರ್ಚು 43 ಕೋಟಿ ಫ್ರಾಂಕ್. ನೋಡಲು ಚೆಂದವೇ, ಅದರಲ್ಲಿ ಎರಡು ಮಾತಿಲ್ಲ.

ಕಟ್ಟಡ ದೊಡ್ಡದಾದರೆ ಸ್ಟಾಲೂ ದೊಡ್ಡದಾಗಬೇಕಲ್ವಾ? ಅಂತಸ್ತಿನ ಮೇಲೆ ಅಂತಸ್ತಿನ ಮಳಿಗೆಗಳು ಎದ್ದವು. ಬ್ರೈಟ್ಲಿಂಗ್ ತನ್ನ ಮಳಿಗೆಯಲ್ಲಿ ಮೀನು ಈಜಾಡುವ ದೈತ್ಯ ಗಾಜಿನ ತೊಟ್ಟಿಯನ್ನೇ ಇಟ್ಟಿತು. ಎರ್ಮೆಸ್ ಕಂಪನಿ ಜಪಾನಿನ ಹೆಸರಾಂತ ವಾಸ್ತುಶಿಲ್ಪಿ ಟೊಯೊ ಇಟೊ ಅವರಿಂದ ಮರದ ಪಟ್ಟಿಗಳ ಹೊರಮೈಯಿರುವ ಮಳಿಗೆ ಮಾಡಿಸಿತು. ಅದೇ ವರ್ಷ ಇಟೊ ಅವರಿಗೆ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಸ್‌ಕರ್ ಪ್ರಶಸ್ತಿ ಬಂದಿತ್ತು. ಅಂಥವರಿಂದ ಕಟ್ಟಿಸಿದ ಮಳಿಗೆ ವರ್ಷಕ್ಕೆ ಒಂದು ವಾರ ನಿಲ್ಲುತ್ತದೆ, ಆಮೇಲೆ ಬಿಚ್ಚಿಡಬೇಕು. 2018ರ ಹೊತ್ತಿಗೆ ಎರ್ಮೆಸ್ ಜಿನೀವಾ ಮೇಳಕ್ಕೆ ಹೋಗಿಯಾಗಿತ್ತು.

ಈ ಮಳಿಗೆಗಳನ್ನು ನೋಡಿದಾಗ ನನಗೆ ಒಂದು ಅನುಮಾನ. ಅಂಗಡಿಯವನಿಗೆ ಬೇಕಾಗಿದ್ದದ್ದು ಒಂದು ಮೇಜು, ಒಂದು ಟ್ರೇ, ಒಳ್ಳೆ ಬೆಳಕು. ಮೀನಿನ ತೊಟ್ಟಿ ಅವನಿಗಲ್ಲ. ಅದು ಎದುರು ಮಳಿಗೆಯವನಿಗೆ. ಪಕ್ಕದವನು ಎರಡು ಅಂತಸ್ತು ಕಟ್ಟಿದ, ನಾವು ಮೂರು ಕಟ್ಟೋಣ ಎಂಬ ಪೈಪೋಟಿಯಲ್ಲಿ ಖರ್ಚಿಗೂ ಆರ್ಡರಿಗೂ ಇದ್ದ ನಂಟು ಕಡಿದುಹೋಯಿತು.

ಊರಿನವರೂ ಸುಮ್ನೆ ಕೂರಲಿಲ್ಲ. ಮೇಳದ ವಾರ ಹೋಟೆಲುಗಳು ಬಾಯಿಗೆ ಬಂದ ದರ ಹೇಳುತ್ತಿದ್ದವು. ಎಷ್ಟೋ ಮಂದಿ ಗಡಿಯಾಚೆ ಫ್ರಾನ್ಸಿನ ಮುಲೂಸ್‌ನಲ್ಲೋ ಜರ್ಮನಿಯ ಫ್ರೈಬುರ್ಗ್‌ನಲ್ಲೋ ಉಳಿದು ದಿನಾ ರೈಲಿನಲ್ಲಿ ಬರುತ್ತಿದ್ದರು. ಗಾಳಿ ಬಂದಾಗ ತೂರಿಕೊಂಡರು ಅನ್ನಿ. ಮೇಳದ ಹೊಸ ಆಡಳಿತ 2018ರ ನಂತರ ಹೋಟೆಲಿನವರ ಜೊತೆ ಕೂತು ದರಕ್ಕೆ ಕಡಿವಾಣ ಹಾಕಿಸಿತು. ಅಷ್ಟು ಹೊತ್ತಿಗೆ ಬರುವವರೇ ಕಡಿಮೆಯಾಗಿದ್ದರು.

ಎಷ್ಟು ಕಡಿಮೆ? 2017ರಲ್ಲಿ ಸುಮಾರು 1,300 ಸ್ಟಾಲುಗಳು. 2018ರಲ್ಲಿ ಅದರ ಅರ್ಧ, 650ರ ಆಸುಪಾಸು. ಎಂಟು ದಿನದ ಮೇಳ ಆರು ದಿನಕ್ಕೆ ಇಳಿಯಿತು. 2019ರಲ್ಲಿ 520. ವಾಚ್ ವ್ಯಾಪಾರವೂ ಸೊರಗಿತ್ತು. 2016 ಒಂದೇ ವರ್ಷದಲ್ಲಿ ಸ್ವಿಸ್ ವಾಚ್ ರಫ್ತು ಶೇ 10ರಷ್ಟು ಬಿದ್ದಿತ್ತು. ಚೀನಾದಲ್ಲಿ ಅಧಿಕಾರಿಗಳಿಗೆ ಉಡುಗೊರೆ ಕೊಡುವ ಚಾಳಿಗೆ ಅಲ್ಲಿನ ಸರ್ಕಾರ ಬರೆ ಹಾಕಿದ್ದು ಒಂದು ಕಾರಣ. ವ್ಯಾಪಾರ ಇಳಿದಾಗ ಮೊದಲು ಕತ್ತರಿ ಬೀಳುವುದು ಇಂಥ ಖರ್ಚಿಗೇ. ಆದರೆ ಕಟ್ಟಡದ ಲೆಕ್ಕ ಹಾಗೇ ನಿಂತಿತ್ತು. 2017ರಲ್ಲಿ ಎಂಸಿಎಚ್ ತನ್ನ ಸಭಾಂಗಣಗಳ ಬೆಲೆಯನ್ನೇ ಪುಸ್ತಕದಲ್ಲಿ ಇಳಿಸಿ ಸುಮಾರು 11 ಕೋಟಿ ಫ್ರಾಂಕ್ ನಷ್ಟ ತೋರಿಸಬೇಕಾಯಿತು.

ಸ್ವಾಚ್ ಲೆಕ್ಕ

ಸ್ವಾಚ್ ಗ್ರೂಪಿಗೆ 5 ಕೋಟಿ ಫ್ರಾಂಕ್ ಭಾರವಾಗಿತ್ತೇ? ಇಲ್ಲ. 2017ರಲ್ಲಿ ಅದರ ವಹಿವಾಟು ಸುಮಾರು 796 ಕೋಟಿ ಫ್ರಾಂಕ್. ಮೇಳದ ಖರ್ಚು ಅದರ ಶೇ 1ನ್ನೂ ಮುಟ್ಟುವುದಿಲ್ಲ. ದುಡ್ಡಿಲ್ಲದೆ ಬಿಟ್ಟದ್ದಂತೂ ಅಲ್ಲ.

ಗುಂಪಿನ ಮುಖ್ಯಸ್ಥ ನಿಕ್ ಹಯೆಕ್ ತಂಡ ಕೊಟ್ಟ ಕಾರಣ ಎರಡು. ವರ್ಷಕ್ಕೊಮ್ಮೆ ನಡೆಯುವ ಮೇಳ ಈಗಿನ ವೇಗಕ್ಕೆ ಹೊಂದುವುದಿಲ್ಲ ಎಂಬುದು ಒಂದು. ಮೇಳ ನಡೆಸುವವರಿಗೆ ವಾಚ್ ಉದ್ಯಮಕ್ಕಿಂತ ತಮ್ಮ ಹೊಸ ಸಭಾಂಗಣದ ಸಾಲ ತೀರಿಸುವ ಚಿಂತೆಯೇ ಜಾಸ್ತಿ, ಅದರ ದುಡ್ಡೂ ನಮ್ಮಿಂದಲೇ ಹೋಗುತ್ತಿದೆ ಎಂಬುದು ಇನ್ನೊಂದು. ಎರಡನೆಯದರಲ್ಲಿ ಸಿಟ್ಟು ಕಾಣುತ್ತದೆ. ಮೊದಲನೆಯದರಲ್ಲಿ ನಿಜವಾದ ಲೆಕ್ಕ ಇದೆ.

ಯಾಕೆಂದರೆ ಅಷ್ಟರಲ್ಲಿ ಒಮೆಗಾ, ಟಿಸ್ಸೋಗಳಿಗೆ ಊರೂರಿನಲ್ಲಿ ತಮ್ಮವೇ ಶೋರೂಮುಗಳಿದ್ದವು. ದೇಶ ದೇಶದಲ್ಲಿ ತಮ್ಮವೇ ಕಚೇರಿಗಳಿದ್ದವು. ಯಾವ ಅಂಗಡಿಯಲ್ಲಿ ಯಾವ ಮಾದರಿ ಎಷ್ಟು ಹೋಯಿತು ಎಂಬುದು ಆ ಕಚೇರಿಗೇ ಗೊತ್ತಾಗುತ್ತಿತ್ತು. ಹೊಸ ವಾಚಿನ ಚಿತ್ರ ಇನ್‌ಸ್ಟಾಗ್ರಾಮಿನಲ್ಲಿ ಬಿಟ್ಟ ಮರುಕ್ಷಣ ಗಿರಾಕಿ ಅಂಗಡಿಗೆ ಫೋನು ಮಾಡಿ ‘ಬಂತಾ?’ ಎನ್ನುತ್ತಾನೆ. ಮಾರ್ಚಿನಲ್ಲಿ ತೋರಿಸಿ ಚಳಿಗಾಲಕ್ಕೆ ಕಳಿಸಿದರೆ ಅವನ ಆಸೆ ಅಷ್ಟರಲ್ಲಿ ಆರಿರುತ್ತದೆ. ಮೇಳ ಮಾಡಿಕೊಡುತ್ತಿದ್ದ ಕೆಲಸವನ್ನು ಸ್ವಾಚ್ ತಾನೇ ಮಾಡಿಕೊಳ್ಳುವಷ್ಟು ಬೆಳೆದಿತ್ತು. 2019ರ ಮೇನಲ್ಲಿ ತನ್ನ ದುಬಾರಿ ಬ್ರ್ಯಾಂಡುಗಳಿಗಾಗಿ ಅಂಗಡಿಯವರನ್ನೂ ಪತ್ರಕರ್ತರನ್ನೂ ತಾನೇ ಸ್ವಿಟ್ಜರ್ಲೆಂಡಿಗೆ ಕರೆಸಿ ಕಾರ್ಯಕ್ರಮ ಮಾಡಿತು.

ಬಿಟ್ಟದ್ದರಿಂದ ವ್ಯಾಪಾರಕ್ಕೆ ಪೆಟ್ಟು ಬಿತ್ತೇ? 2018ರಲ್ಲಿ ಸುಮಾರು 847 ಕೋಟಿ ಇದ್ದ ವಹಿವಾಟು 2019ರಲ್ಲಿ 824 ಕೋಟಿ ಆಯಿತು. ಇಳಿದದ್ದು ಹೌದು. ಆದರೆ ಆ ವರ್ಷ ಹಾಂಗ್‌ಕಾಂಗಿನಲ್ಲಿ ತಿಂಗಳುಗಟ್ಟಲೆ ಪ್ರತಿಭಟನೆ. ವಾಚ್ ಕಂಪನಿಗಳಿಗೆ ಅದು ಬಹಳ ದೊಡ್ಡ ಪೇಟೆ. ಇಳಿತಕ್ಕೆ ಅದು ಕಾರಣವೋ ಮೇಳಕ್ಕೆ ಹೋಗದ್ದು ಕಾರಣವೋ ಎಂದು ಈ ಅಂಕಿಯಿಂದ ಬಿಡಿಸಿ ಹೇಳಲಾಗದು. ಸ್ಟಾಲಿನ ಲಾಭ ನಷ್ಟದ ಚರ್ಚೆಯಲ್ಲಿ ಇದು ಯಾವಾಗಲೂ ಕಾಡುವ ತೊಡಕು. ಸ್ಟಾಲ್ ಹಾಕಿದ ವರ್ಷ ಆರ್ಡರ್ ಬಂದರೆ ಸ್ಟಾಲಿನಿಂದ ಬಂತು ಅನ್ನುತ್ತೇವೆ. ಆ ಗಿರಾಕಿ ಹೇಗಿದ್ದರೂ ಬರುತ್ತಿದ್ದನೇನೋ. ಸ್ವಾಚ್ ವಿಷಯದಲ್ಲಿ ಧೈರ್ಯವಾಗಿ ಹೇಳಬಹುದಾದ್ದು ಇಷ್ಟು: ಬಿಟ್ಟದ್ದಕ್ಕೆ ಅಂಗಡಿ ಮುಚ್ಚುವ ಸ್ಥಿತಿ ಬರಲಿಲ್ಲ, ವಾಪಸು ಹೋಗುವ ಆಸೆಯೂ ಅದಕ್ಕೆ ಬರಲಿಲ್ಲ.

2022ರ ಮಾರ್ಚ್ 26ರಂದು ಸ್ವಾಚ್ ಒಮೆಗಾದ ಜೊತೆ ಸೇರಿ ‘ಮೂನ್‌ಸ್ವಾಚ್’ ಎಂಬ ವಾಚು ಬಿಡುಗಡೆ ಮಾಡಿತು. ಬೆಲೆ 250 ಫ್ರಾಂಕ್. ಲೋಕದ ಹಲವು ನಗರಗಳಲ್ಲಿ ಅಂಗಡಿ ಮುಂದೆ ರಾತ್ರಿಯಿಡೀ ಸರದಿ, ನೂಕುನುಗ್ಗಲು. ಇನ್ನು ಕೆಲವೇ ದಿನದಲ್ಲಿ ಜಿನೀವಾದ ದೊಡ್ಡ ಮೇಳ ಶುರುವಾಗುವುದಿತ್ತು. ಮೇಳಕ್ಕೆ ಹೋಗದವನೇ ಆ ವಾರದ ಸುದ್ದಿಯನ್ನೆಲ್ಲ ಎತ್ತಿಕೊಂಡು ಹೋದ!

ಕೊನೆಯ ಜಗಳ

ಸ್ವಾಚ್ ಹೋದ ಮೇಲೂ ರೋಲೆಕ್ಸ್, ಪಾಟೆಕ್ ಫಿಲಿಪ್ ಬಾಸೆಲ್‌ನಲ್ಲೇ ಇದ್ದರು. ರೋಲೆಕ್ಸ್ 1939ರಿಂದ ಬರುತ್ತಿದ್ದ ಹಳೇ ಒಕ್ಕಲು. ಅಂಥವರನ್ನೂ ಮೇಳ ಕಳೆದುಕೊಂಡದ್ದು ಮುಂಗಡದ ಜಗಳದಲ್ಲಿ.

2020ರ ಫೆಬ್ರುವರಿ 28ರಂದು ಕೊರೊನಾ ಕಾರಣಕ್ಕೆ ಸ್ವಿಸ್ ಸರ್ಕಾರ ಸಾವಿರಕ್ಕಿಂತ ಹೆಚ್ಚು ಜನ ಸೇರುವುದನ್ನು ನಿಷೇಧಿಸಿತು. ಬಾಸೆಲ್‌ವರ್ಲ್ಡ್ ಏಪ್ರಿಲ್ ಕೊನೆಗೆ ಇತ್ತು. ಅದನ್ನು 2021ರ ಜನವರಿಗೆ ದೂಡಿದರು. ಕಟ್ಟಿದ್ದ ದುಡ್ಡಿನ ಗತಿ? ಮೇಳದವರು ಮುಂದಿಟ್ಟ ಒಂದು ದಾರಿ ಹೀಗಿತ್ತು: ಶೇ 85ನ್ನು ಮುಂದಿನ ಮೇಳಕ್ಕೆ ಜಮಾ ಮಾಡಿಕೊಳ್ಳುತ್ತೇವೆ, ಶೇ 15 ಈಗಾಗಲೇ ಆದ ಖರ್ಚಿಗೆ ಹೋಯಿತು. ದುಡ್ಡು ಕೈಗೆ ಬೇಕೆಂದವರಿಗೆ ಇನ್ನೂ ಕಡಿಮೆ. ಜನವರಿಯೂ ಕಂಪನಿಗಳಿಗೆ ಒಗ್ಗುವ ತಿಂಗಳಲ್ಲ. ತಮ್ಮನ್ನು ಕೇಳದೆ ತಾರೀಕು ಗೊತ್ತುಮಾಡಿದರು ಎಂಬ ಅಸಮಾಧಾನ ಬೇರೆ.

ಸ್ಟಾಲಿನವರ ಸಮಿತಿ ಪೂರ್ತಿ ಹಣ ವಾಪಸು ಕೇಳಿತು. ಎಂಸಿಎಚ್ ಒಪ್ಪಲಿಲ್ಲ. ಏಪ್ರಿಲ್ 14ರಂದು ರೋಲೆಕ್ಸ್, ಟ್ಯೂಡರ್, ಪಾಟೆಕ್ ಫಿಲಿಪ್, ಶನೆಲ್, ಶೊಪಾರ್ಡ್ ಐದೂ ಒಟ್ಟಿಗೆ ಬಾಸೆಲ್ ಬಿಡುವುದಾಗಿ ಹೇಳಿದವು. ಕೆಲವೇ ದಿನದಲ್ಲಿ ಎಲ್‌ವಿಎಂಎಚ್ ಗುಂಪಿನ ಹ್ಯೂಬ್ಲೋ, ಟ್ಯಾಗ್ ಹೋಯರ್, ಜೆನಿತ್ ಕೂಡ ಹಿಂದೆಯೇ ಹೊರಟವು. ಆಮೇಲೆ ಹೊಸ ಹೆಸರಿನಲ್ಲಿ ಮೇಳ ಎಬ್ಬಿಸುವ ಪ್ರಯತ್ನ, ಹಳೇ ಹೆಸರಿನಲ್ಲೇ 2022ಕ್ಕೆ ಇನ್ನೊಂದು ಪ್ರಯತ್ನ ಆದವು. ಎರಡೂ ನಡೆಯಲಿಲ್ಲ.

ಮುಂಗಡದಲ್ಲಿ ಶೇ 15 ಉಳಿಸಿಕೊಳ್ಳಲು ಹೋಗಿ ಪೂರ್ತಿ ಮೇಳ ಕಳೆದುಕೊಂಡರು ಎಂದು ಹೇಳುವುದು ಸುಲಭ. ಆದರೆ ಎಂಸಿಎಚ್ ಜಾಗದಲ್ಲಿ ನಿಂತರೆ ಅದಕ್ಕೂ ಬೇರೆ ದಾರಿ ಕಡಿಮೆ ಇತ್ತು. ಮೂರು ವರ್ಷದಿಂದ ನಷ್ಟ, ತಲೆ ಮೇಲೆ ಕಟ್ಟಡ, ಆ ವರ್ಷ ಬೇರೆ ಮೇಳಗಳೂ ಇಲ್ಲ. ಕೈಯಲ್ಲಿ ದುಡ್ಡಿದ್ದಿದ್ದರೆ ಬಹುಶಃ ಕೊಡುತ್ತಿದ್ದರೇನೋ.

ಇಲ್ಲಿ ಗಮನಿಸಬೇಕಾದ್ದು ಏನೆಂದರೆ, ಹೋದವರು ಮೇಳದ ಸಹವಾಸವೇ ಬೇಡ ಎನ್ನಲಿಲ್ಲ. ನೇರ ಜಿನೀವಾಕ್ಕೆ ಹೋಗಿ, 1991ರ ಆ ಚಿಕ್ಕ ಮೇಳವೇ ಬೆಳೆದು ಹೆಸರು ಬದಲಿಸಿಕೊಂಡಿದ್ದ ‘ವಾಚಸ್ ಅಂಡ್ ವಂಡರ್ಸ್’ ಸೇರಿದರು. 2022ರಲ್ಲಿ 38 ಬ್ರ್ಯಾಂಡುಗಳಿದ್ದ ಆ ಮೇಳ 2024ರಲ್ಲಿ 54 ಆಯಿತು, ಬಂದವರು 49,000. ಕೊನೆಯ ಮೂರು ದಿನ ಟಿಕೆಟ್ ಕೊಂಡ ಸಾರ್ವಜನಿಕರಿಗೂ ಪ್ರವೇಶ. ಅದನ್ನು ನಡೆಸುವ ಪ್ರತಿಷ್ಠಾನ ಕಟ್ಟಿದ್ದು ರೋಲೆಕ್ಸ್, ಕಾರ್ತಿಯೇ ಬ್ರ್ಯಾಂಡಿನ ಒಡೆಯ ರಿಶಮಾಂಟ್, ಪಾಟೆಕ್ ಫಿಲಿಪ್. ಅಂದರೆ ಸ್ಟಾಲ್ ಹಾಕುವವರೇ ಮೇಳದ ಯಜಮಾನರು. ತಾರೀಕು ಅವರದು, ಯಾರು ಎಷ್ಟು ಜಾಗ ಹಿಡಿಯಬೇಕೆಂಬ ತೀರ್ಮಾನವೂ ಅವರದು. ಅವರು ಮೇಳ ಬಿಡಲಿಲ್ಲ, ಮನೆ ಓನರನ್ನು ಬಿಟ್ಟರು.

ಆಡಮಾರ್ ಪಿಗೆ ಎಂಬ ವಾಚ್ ಕಂಪನಿಯ ಕಥೆಯೂ ಇದಕ್ಕೆ ಹೊಂದುತ್ತದೆ. ಅದು 2019ರ ನಂತರ ಜಿನೀವಾ ಮೇಳ ಬಿಟ್ಟಿತ್ತು. ತನ್ನದೇ ಶೋರೂಮುಗಳಲ್ಲಿ ಮಾರುತ್ತೇವೆ, ಅಂಗಡಿಯವರ ಹಂಗಿಲ್ಲ, ಮತ್ತೆ ಮೇಳ ಯಾಕೆ ಎಂಬುದು ಅದರ ವಾದ. ಅದೇ ಕಂಪನಿ 2026ರ ಮೇಳಕ್ಕೆ ಬರುವುದಾಗಿ 2025ರಲ್ಲಿ ಘೋಷಿಸಿತು. ಆರ್ಡರ್ ಹಾಳೆ ತುಂಬಿಸುವ ಅಗತ್ಯ ಅದಕ್ಕೆ ಈಗಲೂ ಇಲ್ಲ. ಆದರೆ ಜಗತ್ತಿನ ವಾಚ್ ಪತ್ರಕರ್ತರೆಲ್ಲ ಒಂದು ಊರಿನಲ್ಲಿರುವ ವಾರ ತಾನೊಬ್ಬನೇ ಇಲ್ಲದಿರುವುದಕ್ಕೂ ಒಂದು ಬೆಲೆ ಇರುತ್ತದೆ. ಸ್ವಾಚ್‌ನಂತೆ ಎಲ್ಲರೂ ಮೂನ್‌ಸ್ವಾಚ್ ಮಾಡಲಾರರು.

ನಮ್ಮ ಕಡೆ ಒಂದು ನೋಟ

ಪೀಣ್ಯದ ಮಷೀನ್ ಶಾಪ್ ಮಾಲೀಕರಿಗೆ ಇಂಥದೇ ಪ್ರಶ್ನೆ ಇಮ್ಟೆಕ್ಸ್ ಬಂದಾಗ ಎದುರಾಗುತ್ತದೆ. ತುಮಕೂರು ರಸ್ತೆಯ ಮಾದಾವರದ ಬಿಐಇಸಿಯಲ್ಲಿ ನಡೆಯುವ ಈ ಮೇಳ ಯಂತ್ರೋಪಕರಣದವರಿಗೆ ಬಹಳ ದೊಡ್ಡದು. ಬಾಸೆಲ್‌ಗೂ ಇದಕ್ಕೂ ಇರುವ ಒಂದು ವ್ಯತ್ಯಾಸ ನನಗೆ ಮುಖ್ಯವಾಗಿ ಕಾಣುತ್ತದೆ. ಬಿಐಇಸಿಯನ್ನು ಕಟ್ಟಿದ್ದೂ ಇಮ್ಟೆಕ್ಸ್ ನಡೆಸುವುದೂ ಯಂತ್ರೋಪಕರಣ ತಯಾರಕರ ಸಂಘವಾದ ಇಮ್ಟ್ಮಾ. ಸ್ಟಾಲ್ ಹಾಕುವವರ ಸಂಘವೇ ಸಭಾಂಗಣದ ಒಡೆಯ. ಜಾಗದ ದರದ ಬಗ್ಗೆ ಗೊಣಗಾಟ ಎಲ್ಲಿ ತಾನೇ ಇರುವುದಿಲ್ಲ, ಆದರೆ ಕಟ್ಟಡದ ಸಾಲಕ್ಕೂ ಉದ್ಯಮದ ಹಿತಕ್ಕೂ ಬಾಸೆಲ್‌ನಲ್ಲಿ ನಡೆದಂಥ ಹಗ್ಗಜಗ್ಗಾಟಕ್ಕೆ ಅಲ್ಲಿ ಆಸ್ಪದ ಕಡಿಮೆ.

ಇನ್ನೊಂದು, ಒಂದು ಲೇತ್ ಅಥವಾ ಮಿಲ್ಲಿಂಗ್ ಯಂತ್ರವನ್ನು ಇನ್‌ಸ್ಟಾಗ್ರಾಮಿನಲ್ಲಿ ನೋಡಿ ಯಾರೂ ಕೊಳ್ಳುವುದಿಲ್ಲ. ಓಡುವುದನ್ನು ನಿಂತು ನೋಡಬೇಕು, ಕೊರೆದ ತುಂಡನ್ನು ಕೈಯಲ್ಲಿ ಹಿಡಿದು ಉಗುರಿನಲ್ಲಿ ಸವರಬೇಕು. ಹತ್ತು ಜನರ ಯಂತ್ರ ಪಕ್ಕಪಕ್ಕದಲ್ಲಿ ಓಡುತ್ತಿರಬೇಕು. ಅದಕ್ಕೆ ಮೇಳವೇ ಬೇಕು. ಒಮೆಗಾ ಮಾಡಿದ್ದನ್ನು ನೋಡಿ ಪೀಣ್ಯದವರು ಸ್ಟಾಲ್ ಬಿಟ್ಟರೆ ಅದು ದಡ್ಡತನ. ಒಮೆಗಾಕ್ಕೆ ಗಿರಾಕಿ ತಾನೇ ಹುಡುಕಿಕೊಂಡು ಬರುತ್ತಾನೆ. ಇವರಿಗೆ ಪುಣೆಯ, ಕೊಯಮತ್ತೂರಿನ ಗಿರಾಕಿ ಒಂದೇ ವಾರದಲ್ಲಿ ಬೇರೆಲ್ಲಿ ಸಿಗುತ್ತಾನೆ?

ಉಳಿದವರು

ಇನ್ನು ಬಾಸೆಲ್‌ನಲ್ಲಿ ಸ್ಟಾಲ್ ನಿಜಕ್ಕೂ ಹೊಟ್ಟೆ ತುಂಬಿಸುತ್ತಿದ್ದವರ ವಿಷಯ.

ಅಲ್ಲಿ ಒಬ್ಬಿಬ್ಬರೇ ಕೂತು ಕೈಯಲ್ಲಿ ವಾಚ್ ಮಾಡುವ ಸ್ವತಂತ್ರ ಕುಶಲಕರ್ಮಿಗಳಿದ್ದರು. 1985ರಲ್ಲಿ ಸ್ವೆನ್ ಆಂಡರ್ಸನ್ ಮತ್ತು ವಿನ್ಸೆಂಟ್ ಕಲಾಬ್ರೆಸೆ ಇಂಥವರ ಸಂಘ ಕಟ್ಟಿದ್ದರು. ಬಾಸೆಲ್‌ನಲ್ಲಿ ಸಂಘದ ಒಂದು ಜಾಗ, ಅದರೊಳಗೆ ಒಬ್ಬೊಬ್ಬರಿಗೆ ಒಂದು ಮೇಜು. ವರ್ಷಕ್ಕೆ ಬೆರಳೆಣಿಕೆಯ ವಾಚು ಮಾಡುವವನಿಗೆ ಒಂದೇ ಒಂದು ಒಳ್ಳೆಯ ಗಿರಾಕಿ ಸಿಕ್ಕರೂ ಬಂದದ್ದು ಸಾರ್ಥಕ. ಆ ಗಿರಾಕಿ ಬಾಸೆಲ್‌ಗೆ ಬಂದದ್ದು ರೋಲೆಕ್ಸ್, ಪಾಟೆಕ್ ನೋಡಲು. ತೇರು ಎಳೆಯುವುದನ್ನು ನೋಡಲು ಬಂದ ಜನವೇ ಬಳೆ ಅಂಗಡಿಗೂ ಹೋಗುವುದು. ತೇರಿನವರು ಬೇರೆ ಊರಿಗೆ ಹೋದರೆ ಬಾಡಿಗೆ ಎಷ್ಟು ಕಡಿಮೆ ಮಾಡಿದರೂ ಬಳೆಗಾರನು ಏನು ಮಾಡಿಯಾನು?

ಈ ಕುಶಲಕರ್ಮಿಗಳಲ್ಲಿ ಕೆಲವರಿಗೆ ಜಿನೀವಾದಲ್ಲಿ ನೆಲೆ ಸಿಕ್ಕಿತು. 2020ರಲ್ಲಿ ಶುರುವಾದ ‘ಜಿನೀವಾ ವಾಚ್ ಡೇಸ್’ ಹೋಟೆಲ್ ಕೋಣೆಗಳಲ್ಲಿ, ಸರೋವರದ ದಡದ ಡೇರೆಯಲ್ಲಿ ನಡೆಯುತ್ತದೆ. ಅಲ್ಲಿ ಮೂರಂತಸ್ತಿನ ಮಳಿಗೆ ಕಟ್ಟುವ ಉಸಾಬರಿ ಇಲ್ಲ. ಸಣ್ಣವರಿಗೆ ಅದು ಬಾಸೆಲ್‌ಗಿಂತ ಹಗುರ.

ಆದರೆ ಬಾಸೆಲ್‌ನ ಸ್ಟಾಲುಗಳಲ್ಲಿ ವಾಚಿನವರಷ್ಟೇ ಇರಲಿಲ್ಲ. ಮುತ್ತಿನ ವ್ಯಾಪಾರಿ, ಹರಳಿನ ವ್ಯಾಪಾರಿ, ವಾಚಿನ ಬೆಲ್ಟು ಮಾಡುವವನು, ಒಡವೆಯ ಡಬ್ಬಿ ಮಾಡುವವನು, ಅಕ್ಕಸಾಲಿಗೆ ಬೇಕಾದ ಯಂತ್ರ ಮಾರುವವನು ಹೀಗೆ ನೂರಾರು ಮಂದಿ ಇದ್ದರು. ಅವರ ಮಳಿಗೆಗಳಲ್ಲಿ ಮೀನಿನ ತೊಟ್ಟಿ ಇರಲಿಲ್ಲ. ಒಂದು ಮೇಜು, ತಕ್ಕಡಿ, ಭೂತಗನ್ನಡಿ, ಬಿಲ್ ಪುಸ್ತಕ ಇಷ್ಟೇ. ಹಾಕಿದ್ದಕ್ಕೆ ಬಂದದ್ದನ್ನು ಸಂಜೆ ಎಣಿಸಿ ನೋಡಬಲ್ಲವರು ಇವರೇ. ಜಿನೀವಾದ ಹೊಸ ಮೇಳದಲ್ಲಿ ಇವರಿಗೆ ಜಾಗವಿಲ್ಲ, ಅದು ವಾಚ್ ಬ್ರ್ಯಾಂಡುಗಳದು. ಈಗ ಅವರು ಹಾಂಗ್‌ಕಾಂಗಿಗೋ ಇಟಲಿಯ ವಿಚೆಂಜಾಕ್ಕೋ ಅಮೆರಿಕದ ಲಾಸ್ ವೇಗಾಸ್‌ಗೋ ಪೆಟ್ಟಿಗೆ ಹೊತ್ತು ಹೋಗಬೇಕು. ಮೊದಲು ಒಂದೇ ಕಡೆ ಸಿಗುತ್ತಿದ್ದ ಗಿರಾಕಿಗಾಗಿ ಈಗ ಎರಡು ಮೂರು ಕಡೆ ಬಾಡಿಗೆ ಕಟ್ಟಬೇಕು.